ಗಂಟಿನ ಮನುಷ್ಯನ ಮೇಲೆ ಸಂಶಯ

ಜನವರಿ 6, ಸೋಮವಾರ

ನಿವೃತ್ತನಾಗಿ ಇವತ್ತಿಗೆ ಮೂವತ್ತೇಳು ದಿನ. ಬಂದರಿನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕಾಗದ ಬರೆದ ಕೈ ಸುಮ್ಮನೆ ಕೂರುವುದಿಲ್ಲ, ಅದಕ್ಕೆ ಈ ದಿನಚರಿ. ಮನೆಯಲ್ಲಿ ನನ್ನಿಂದ ಯಾರಿಗೂ ತೊಂದರೆಯಿಲ್ಲ. ಬೆಳಿಗ್ಗೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಶಿವಕುಮಾರಿ ಅವನ್ನು ಮತ್ತೆ ಮೊದಲಿನಂತೆ ಇಟ್ಟಿದ್ದಳು. ಒಳ್ಳೆಯದು ಮಾಡಿದರೂ ಹೆಂಡತಿಯ ಮುಖ ಯಾಕೆ ಗಂಟಾಗುತ್ತದೋ ತಿಳಿಯದು.

ಸಂಜೆ ಮಗಳು ಶುಭಾಂಗಿ ದಾದರಿನ ಆಫೀಸಿನಿಂದ ಬಂದು ‘ಸಬ್ ಕಾ ಶಕ್’ ಹಾಕಿದಳು. ಎಲ್ಲರ ಸಂಶಯ ಎಂದು ಅರ್ಥ. ಒಂದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯನ್ನು ಯಾರೋ ಹಾರೆಯಂಥ ಕುಟ್ಟಾಣಿಯಿಂದ ಹೊಡೆದು ಕೊಂದಿದ್ದಾರೆ. ಕುಟ್ಟಾಣಿ ಕಾಣೆಯಾಗಿದೆ. ಪೊಲೀಸರ ಕೈಲಿ ಆಗದ್ದನ್ನು ಒಬ್ಬ ಹುಡುಗಿ ಮೊಬೈಲಿಗೆ ಹಾಕುತ್ತಾಳೆ, ಊರಿನ ಜನರೆಲ್ಲ ತಮಗೆ ಕಂಡ ಸುಳಿವು ಕಳಿಸಿ ಕೊಲೆಗಾರನನ್ನು ಹುಡುಕುತ್ತಾರೆ. ಸಾವಿರಾರು ಜನ ಸೇರಿ ಒಬ್ಬನನ್ನು ಹುಡುಕುವುದು. ನಮ್ಮ ಕಚೇರಿಯಲ್ಲಿ ಎಂಟು ಜನ ಸೇರಿ ಒಂದು ಫೈಲು ಹುಡುಕಲು ಆಗುತ್ತಿರಲಿಲ್ಲ. ಇನ್ನು ಸೆಕ್ರೆಟರಿಯ ಕೊಲೆ ಎಂದರೆ ಮುಂಬಯಿಯ ಯಾವ ಬಿಲ್ಡಿಂಗಿನಲ್ಲೂ ಎಲ್ಲರ ಮೇಲೂ ಸಂಶಯ ಪಡಬಹುದು.

ಇದೂ ಸಾಲದೆಂದು ಚಾನೆಲ್ಲಿನವರು ‘ಪ್ರೇಕ್ಷಕರ ಅಭಿಪ್ರಾಯ’ ಎಂದು ಒಂದು ಪುಟ ತೆರೆದಿದ್ದಾರೆ. ಕೊಲೆಗಾರ ಯಾರಿರಬೇಕೆಂದು ಜನ ಅಲ್ಲಿ ಬರೆಯುತ್ತಾರೆ. ಜನ ಹೇಳಿದ ಕಡೆಗೆ ಕಥೆ ತಿರುಗುತ್ತದಂತೆ. ಶುಭಾಂಗಿ ನಾಲ್ಕೈದು ಓದಿ ಹೇಳಿದಳು. ಮಾಡಲು ಕೆಲಸವಿಲ್ಲದ ಜನ.

ಅಷ್ಟರಲ್ಲಿ ವಡಾಲದಿಂದ ಶೆಟ್ಟೆಪ್ಪ ಬಂದ. ನಮ್ಮ ಇಂಡಿ ತಾಲೂಕಿನವನು, ಒಂದೇ ಊರು. ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಹಮಾಲಿ ಮಾಡುತ್ತಿದ್ದವನು ಬೆನ್ನು ನೋವಾದ ಮೇಲೆ ಸಿನಿಮಾ, ಸೀರಿಯಲ್ಲುಗಳಲ್ಲಿ ಗುಂಪಿನಲ್ಲಿ ನಿಲ್ಲುವ ಕೆಲಸಕ್ಕೆ ಹೋದ. ಇಪ್ಪತ್ತೆರಡು ವರ್ಷ ಮದುವೆಗಳಲ್ಲಿ ಕೂತಿದ್ದಾನೆ, ಹೆಣದ ಹಿಂದೆ ನಡೆದಿದ್ದಾನೆ, ಒಮ್ಮೆಯೂ ಬಾಯಿ ತೆರೆದಿಲ್ಲ. ಇವತ್ತು ಬಾಗಿಲಲ್ಲೇ ನಿಂತು, “ವೈನಿ, ಡೈಲಾಗ್ ಸಿಕ್ತರಿ ನನಗ,” ಎಂದ. ಇದೇ ‘ಸಬ್ ಕಾ ಶಕ್’ನಲ್ಲಿ ಗೇಟಿನ ವಾಚ್‌ಮನ್. ಈಗ ಸುಮ್ಮನೆ ನಿಲ್ಲುವುದು, ಕೊನೆಯ ಕಂತಿನಲ್ಲಿ ತಾನೇ ಕೊಲೆಗಾರನೆಂದು ಒಪ್ಪಿಕೊಳ್ಳುವುದು.

ಶಿವಕುಮಾರಿ ಅವನ ಕೈಗೆ ಸಕ್ಕರೆ ಹಾಕಿದಳು. ಅವನ ಹೆಂಡತಿ ನಾಗವ್ವ ತೀರಿಕೊಂಡು ನಾಲ್ಕು ವರ್ಷವಾಯಿತು, ಒಳ್ಳೆಯ ಸುದ್ದಿ ಹೇಳಲು ಅವನಿಗೆ ಇರುವುದು ಈ ಮನೆಯೇ. ಹೋಗುವಾಗ ನನಗೆ ಹೇಳಿದ: “ರಾಯರ, ಬುಧವಾರ ಬಸ್ ಸ್ಟಾಪಿನ್ಯಾಗ ನಿಲ್ಲಾಕ ಹತ್ತು ಮಂದಿ ವಯಸ್ಸಾದವರು ಬೇಕಾಗ್ಯಾರ. ಬರ್ರಿ, ಹೊತ್ತು ಹೋಗತೈತಿ.”

ನಾನು ಉತ್ತರ ಕೊಡುವ ಮೊದಲೇ ಶಿವಕುಮಾರಿ, “ಬರತಾರ,” ಎಂದಳು.

ಜನವರಿ 8, ಬುಧವಾರ

ಬೆಳಿಗ್ಗೆ ಏಳಕ್ಕೆ ಸಯನ್ ಸರ್ಕಲ್ಲಿನಿಂದ ಸೀರಿಯಲ್ಲಿನವರದೇ ಬಸ್ಸು. ಶಿವಕುಮಾರಿ ಎರಡು ಬುತ್ತಿ ಕಟ್ಟಿಕೊಟ್ಟಳು, ನನಗೊಂದು, ಶೆಟ್ಟೆಪ್ಪನಿಗೊಂದು. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಎಲ್ಲ ಸೇರಿಸಿ ಬಿಳಿ ಬಟ್ಟೆಯಲ್ಲಿ ಗಂಟು. ಚಟ್ನಿಯನ್ನು ನನ್ನ ರಫ್ ಹಾಳೆಯಲ್ಲಿ ಕಟ್ಟಿದ್ದಳು. ನನ್ನದು ಕಚೇರಿಯ ಅಭ್ಯಾಸ. ಏನೇ ಬರೆಯುವುದಿದ್ದರೂ ಮೊದಲು ಕನ್ನಡದಲ್ಲಿ ರಫ್, ಆಮೇಲೆ ಬೇಕಾದ ಭಾಷೆಯಲ್ಲಿ ಫೇರ್. ರಫ್ ಹಾಳೆ ಅವಳ ಡ್ರಾವರಿಗೆ ಸೇರುತ್ತದೆ. ಲಿಫ್ಟಿನ ಬಗ್ಗೆ ನಮ್ಮ ಸೆಕ್ರೆಟರಿಗೆ ನಾನು ಕೊಟ್ಟ ದೂರಿನ ಎರಡನೆಯ ಪುಟ ಇವತ್ತು ಚಟ್ನಿ ಹೊತ್ತುಕೊಂಡು ಬಂತು. ಅಷ್ಟಾದರೂ ಉಪಯೋಗಕ್ಕೆ ಬಂತು.

ಸೆಟ್ಟಿನಲ್ಲಿ ಊಟ ಕೊಡುತ್ತಾರೆ. ಆದರೆ ಯಾವ ಪಾತ್ರೆಯಲ್ಲಿ ಏನು ಬೇಯಿಸಿದ್ದಾರೋ ಯಾರಿಗೆ ಗೊತ್ತು. ಬುತ್ತಿಯನ್ನು ಬಸ್ಸಿನಲ್ಲೇ ಬಿಟ್ಟು ಬನ್ನಿ ಎಂದರು, ನಾನು ಬಿಡಲಿಲ್ಲ. ಶೆಟ್ಟೆಪ್ಪ ತನ್ನದನ್ನು ಬಿಟ್ಟ, ಅನುಭವಸ್ಥ. ಕೊಲೆಯಾದ ಬಿಲ್ಡಿಂಗಿನ ಗೇಟಿನೆದುರು ಬಸ್ ಸ್ಟಾಪಿನಲ್ಲಿ ನಾಲ್ಕು ಗಂಟೆ ಗಂಟನ್ನು ಎದೆಗೆ ಅವಚಿಕೊಂಡು ನಿಂತೆ. ನಿಂತವರಿಗೆ ಒಂದು ಲೋಟ ನೀರೂ ಇಲ್ಲ. ಮತ್ತೆ ಹೋಗುವುದಿಲ್ಲ.

ಜನವರಿ 13, ಸೋಮವಾರ, ಭೋಗಿ

ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ್ದು. ಊಟ ಮುಗಿಸಿ ಸೀರಿಯಲ್ ನೋಡಿದೆವು. ನಾನು ಇದ್ದೆ. ಒಟ್ಟು ಹನ್ನೊಂದು ಸೆಕೆಂಡು, ಶುಭಾಂಗಿ ಮೊಬೈಲಿನಲ್ಲಿ ಎಣಿಸಿ ಹೇಳಿದಳು. ಶೆಟ್ಟೆಪ್ಪ ಗೇಟು ತೆಗೆದ, ಹಾಕಿದ. ಶಿವಕುಮಾರಿ, “ಅಣ್ಣ ಎಷ್ಟ್ ಛಂದ ಕಾಣತಾರ,” ಎಂದಳು. ನನ್ನ ಬಗ್ಗೆ, “ಅಂಗಿ ಇಸ್ತ್ರಿ ಮಾಡೂದಿತ್ತು,” ಎಂದಳು.

ಹತ್ತು ನಿಮಿಷದ ನಂತರ ಶುಭಾಂಗಿ ಒಳಗಿನಿಂದ ಬಂದಳು. “ಪಪ್ಪಾ, ಯೇ ದೇಖೋ ನಾ. ಇಲ್ಲಿ ನಿನ್ನ ಫೋಟೊಕ್ಕೆ ಜನ ರೆಡ್ ಸರ್ಕಲ್ ಹಾಕ್ಯಾರ. ‘ಹೂ ಈಸ್ ದಿಸ್ ಪೋಟ್ಲೀವಾಲಾ?’ ಅಂತ.”

ಪೋಟ್ಲೀವಾಲಾ ಎಂದರೆ ಗಂಟಿನವನು. ಕುಟ್ಟಾಣಿ ಕಾಣೆಯಾದ ಕಥೆಯಲ್ಲಿ ಒಬ್ಬ ಮುದುಕ ಕುಟ್ಟಾಣಿಯ ಉದ್ದದ ಗಂಟನ್ನು ಎದೆಗೆ ಅವಚಿಕೊಂಡು ನಿಂತರೆ ಇನ್ನೇನು ಬರೆದಾರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟು ಜನ ಬರೆದಿದ್ದಾರೆ ಎಂದು ಕೇಳಿದೆ. ಹದಿನೆಂಟು. ಮಲಗುವ ಮುಂಚೆ ಸುಮ್ಮನೆ ಮತ್ತೊಮ್ಮೆ ಕೇಳಿದೆ. ಮೂವತ್ತೊಂದು.

ಜನವರಿ 16, ಗುರುವಾರ

ಇನ್ನೂರ ಹನ್ನೆರಡು.

ಅಭಿಪ್ರಾಯಗಳನ್ನು ಹೇಗೆ ಓದುವುದೆಂದು ಶುಭಾಂಗಿ ನನ್ನ ಮೊಬೈಲಿನಲ್ಲೇ ತೋರಿಸಿಕೊಟ್ಟಳು. ಮೊದಲ ದಿನ ನಾನು ಈ ಜನರ ಬಗ್ಗೆ ಸ್ವಲ್ಪ ಆತುರದಿಂದ ಬರೆದೆನೆಂದು ಕಾಣುತ್ತದೆ. ಇವರಲ್ಲಿ ಸೂಕ್ಷ್ಮವಾಗಿ ನೋಡುವವರಿದ್ದಾರೆ. ಠಾಣೆಯ ಒಬ್ಬರು ನನ್ನ ಕಣ್ಣಿನಲ್ಲಿ ‘ತಣ್ಣಗಿನ ಕ್ರೌರ್ಯ’ ಕಂಡಿದ್ದಾರೆ. ಆಗ ನಾನು ಊಟದ ಗಂಟೆ ಆಯಿತೇ ಎಂದು ನೋಡುತ್ತಿದ್ದೆ. ಆದರೂ ಆ ಹೊತ್ತಿನಲ್ಲಿ ಹಸಿದವನ ಕಣ್ಣಿನಲ್ಲಿ ಏನೋ ಇತ್ತೆಂದು ಅಷ್ಟು ದೂರದಿಂದ ಗುರುತಿಸುವುದು ಸಣ್ಣ ಮಾತಲ್ಲ. ಶಿವಕುಮಾರಿ ಮೂವತ್ತೊಂದು ವರ್ಷ ಎದುರಿಗೇ ಕೂತು ನೋಡಿದ್ದಾಳೆ, ಏನೂ ಕಂಡಿಲ್ಲ.

ಮಧ್ಯಾಹ್ನ ಫೋನು. ನಿರ್ದೇಶಕರ ಸಹಾಯಕಿ, ಶೈಲಾ ಎಂಬ ಹುಡುಗಿ. ಮಂಗಳವಾರ ಬರಬೇಕಂತೆ. ಅದೇ ಅಂಗಿ, ಅದೇ ಗಂಟು.

ಅಂಗಿಯನ್ನು ಇಸ್ತ್ರಿ ಮಾಡಕೂಡದೆಂದು ಶಿವಕುಮಾರಿಗೆ ಕಟ್ಟುನಿಟ್ಟಾಗಿ ಹೇಳಿದೆ.

ಜನವರಿ 21, ಮಂಗಳವಾರ

ಬೆಳಿಗ್ಗೆ ಶೆಟ್ಟೆಪ್ಪ ಬುತ್ತಿಗೆಂದು ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು ತನ್ನ ಮಾತು ಒಪ್ಪಿಸಿದ. ದಿನಾ ಒಪ್ಪಿಸುತ್ತಾನಂತೆ, ನಾನು ಸ್ನಾನದಲ್ಲಿರುತ್ತೇನೆ, ಕೇಳಿರಲಿಲ್ಲ. ಹಿಂದಿಯಲ್ಲಿ ಒಂದೇ ಸಾಲು: “ಸಾಬ್, ಬೀಸ್ ಸಾಲ್ ಗೇಟ್ ಖೋಲಾ. ಕಿಸೀನೇ ನಾಮ್ ನಹೀಂ ಪೂಛಾ.” ಇಪ್ಪತ್ತು ವರ್ಷ ಗೇಟು ತೆಗೆದೆ, ಯಾರೂ ಹೆಸರು ಕೇಳಲಿಲ್ಲ. ಶಿವಕುಮಾರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು, ಉಚ್ಚಾರ ಇನ್ನೂ ತಿದ್ದಿಕೊಳ್ಳಬೇಕು ಎಂದೆ. ಮುಂದಿನ ಹಲ್ಲು ಬಿದ್ದಿರುವುದರಿಂದ ಗಾಳಿ ಹೋಗುತ್ತದೆ.

“ಹೌದ್ರಿ ರಾಯರ, ಅದೊಂದು ನೋಡಬೇಕು,” ಎಂದ. ಅವನಿಗೆ ಸಿಟ್ಟೇ ಬರುವುದಿಲ್ಲ, ಅದೊಂದು ದೋಷ.

ಇವತ್ತು ನನ್ನನ್ನು ಒಬ್ಬನನ್ನೇ ನಿಲ್ಲಿಸಿ ತೆಗೆದರು. ಶೈಲಾ ಕುರ್ಚಿ ತರಿಸಿಕೊಟ್ಟಳು. ಕೂತಾಗ ಅವಳೇ ಹೇಳಿದಳು: ಪುಟದಲ್ಲಿ ಜನ ಎರಡು ಪಾಲಾಗಿದ್ದಾರೆ, ಅರ್ಧ ಮಂದಿಗೆ ವಾಚ್‌ಮನ್ ಮೇಲೆ ಸಂಶಯ, ಅರ್ಧ ಮಂದಿಗೆ ಪೋಟ್ಲೀವಾಲಾನ ಮೇಲೆ. ಕೊನೆಯ ಕಂತನ್ನು ಬರೆಯುವವರು ತಿಂಗಳ ಕೊನೆಯವರೆಗೆ ಕಾದು ನೋಡುತ್ತಾರೆ. ಯಾರ ಕಡೆಗೆ ಜನ ಹೆಚ್ಚೋ ಕೊಲೆ ಅವರದು, ಆ ಸಾಲೂ ಅವರದು.

ನಾನು ಗೇಟಿನ ಕಡೆ ನೋಡಿದೆ. ಶೆಟ್ಟೆಪ್ಪ ಕ್ಯಾಮೆರಾ ಇಲ್ಲದಾಗಲೂ ಗೇಟು ತೆಗೆದು ಹಾಕಿ ಅಭ್ಯಾಸ ಮಾಡುತ್ತಿದ್ದ.

ಜನವರಿ 24, ಶುಕ್ರವಾರ

ಪ್ರೇಕ್ಷಕನಾಗಿ ನನಗೂ ಒಂದು ಅಭಿಪ್ರಾಯವಿದೆ. ಇರಬಾರದೆಂದು ಎಲ್ಲಿಯೂ ನಿಯಮವಿಲ್ಲ. ಆದರೆ ಪಾತ್ರಧಾರಿ ತನ್ನ ಹೆಸರಿನಲ್ಲಿ ಬರೆಯುವುದು ಸಭ್ಯತೆಯಲ್ಲ, ಹಾಗಾಗಿ ಬೇರೆಯವರ ಹೆಸರು ಹಾಕಿದೆ.

ಒಂದು ಹಾಳೆಯಲ್ಲಿ ನಂಬರು ಹಾಕಿ ಐದು ಅಭಿಪ್ರಾಯ ರಫ್ ಮಾಡಿದೆ. ಐದೂ ಬೇರೆ ಬೇರೆ ದನಿ. ಮೊದಲನೆಯದು ಗೃಹಿಣಿಯದಾಗಿರಲೆಂದು ಶಿವಕುಮಾರಿ, ಸಯನ್ ಎಂದು ಹಾಕಿದೆ: ‘ವಾಚ್‌ಮನ್ ಪಾತ್ರ ಮಾಡಿದವರು ಮಾತು ನುಂಗುವವರಂತೆ ಕಾಣುತ್ತಾರೆ. ಅವರ ಕೈಲಿ ಕೊಲೆಯೂ ಆಗದು, ಮಾತೂ ಆಗದು.’ ಎರಡನೆಯದು ಅಂಬವ್ವ, ದಾದರ್, ಸ್ವಲ್ಪ ಸಿಡುಕು: ‘ವಾಚ್‌ಮನ್ನನೇ ಕೊಲೆಗಾರ ಎನ್ನುವುದು ಬಹಳ ಹಳೆಯದು, ನೋಡಿ ಸಾಕಾಗಿದೆ.’ ಮೂರನೆಯವರು ಶರಣಬಸಪ್ಪ, ನಿವೃತ್ತ ಮೇಷ್ಟರು, ಅವರದು ದೀರ್ಘವಾಯಿತು. ಮಿಕ್ಕ ಇಬ್ಬರು ಗಂಟಿನ ಮನುಷ್ಯನ ಕಣ್ಣುಗಳ ಬಗ್ಗೆ ಮಾತ್ರ ಹೇಳಿದ್ದಾರೆ. ಆಮೇಲೆ ಎಲ್ಲವನ್ನೂ ಹಿಂದಿಯಲ್ಲಿ ಫೇರ್ ಮಾಡಿ ಮೊಬೈಲಿನಿಂದ ಕಳಿಸಿದೆ. ಕಚೇರಿ ಬಿಟ್ಟ ಮೇಲೆ ಇಷ್ಟು ತೃಪ್ತಿಯಾಗಿ ಕೆಲಸ ಮಾಡಿರಲಿಲ್ಲ.

ಶೆಟ್ಟೆಪ್ಪನ ಹೆಸರನ್ನು ನಾನು ಎಲ್ಲಿಯೂ ಎತ್ತಿಲ್ಲ. ಬರೆದದ್ದು ಪಾತ್ರದ ಬಗ್ಗೆ.

ಜನವರಿ 25, ಶನಿವಾರ

ಶಿವಕುಮಾರಿಯವರ ಅಭಿಪ್ರಾಯಕ್ಕೆ ಮುನ್ನೂರು ಜನರ ಮೆಚ್ಚುಗೆ. ‘ಆಂಟಿ ಸರಿಯಾಗಿ ಹೇಳಿದರು’ ಎಂದು ಎಷ್ಟೋ ಮಂದಿ. ಆಂಟಿ ಬೆಳಿಗ್ಗೆಯಿಂದ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಳೆ.

ಫೆಬ್ರುವರಿ 1, ಶನಿವಾರ

ಶೈಲಾ ಫೋನು ಮಾಡಿದಳು. ಕೊಲೆ ನನ್ನದು.

ಹೇಗೆ ಹೇಳುವುದೆಂದು ಯೋಚಿಸುತ್ತಿರುವಾಗಲೇ ಶೆಟ್ಟೆಪ್ಪ ಬಂದ. ಜನ ಕರೆಸುವ ಮೇಸ್ತ್ರಿ ಅವನಿಗೂ ಹೇಳಿದ್ದಾನೆ. ಅರ್ಧ ಪಾವು ಪೇಢೆ ತಂದಿದ್ದ. “ರಾಯರ, ನಿಮಗ ಬಂತಂದ್ರ ನನಗ ಬಂದಂಗ. ಮನೀ ಬಿಟ್ಟು ಹೊರಗೇನು ಹೋಗಿಲ್ಲ,” ಎಂದ. ಆಮೇಲೆ ಚಹಾದ ಲೋಟ ಹಿಡಿದು, “ಪಬ್ಲಿಕ್ ಬರದಾರಂತ್ರಿ ವೈನಿ, ವಾಚ್‌ಮನ್ ಮಾತು ನುಂಗತಾನ ಅಂತ. ಖರೇನ ಇರಬೇಕು. ಹಲ್ಲ ಕಟ್ಟಿಸಿಕೋಬೇಕಿತ್ತು ನಾ,” ಎಂದ.

“ಯಾರ ಹಂಗ ಬರದಾರು?” ಶಿವಕುಮಾರಿಯ ದನಿ ಏರಿತು. “ಅವ್ರ ಬಾಯಾಗ ಹುಳ ಬೀಳಲಿ. ಅಣ್ಣ, ನೀವ್ ಹೇಳಿದ್ದು ಕೇಳಿ ನನಗ ಅಳು ಬಂದಿತ್ತು.”

ನಾನು ಪೇಢೆ ತಿಂದೆ. ದಾದರಿನ ಅಂಗಡಿಯದಿರಬೇಕು, ಚೆನ್ನಾಗಿತ್ತು.

ಸಾಲು ಸ್ವಲ್ಪ ಬದಲಾಗಿದೆ. ‘ಗೇಟ್ ಖೋಲಾ’ ಎಂದಿದ್ದಲ್ಲಿ ‘ಗೇಟ್ ಪೇ ಖಡಾ ರಹಾ’, ಗೇಟಿನಲ್ಲಿ ನಿಂತೆ, ಎಂದಾಗಿದೆ. ಉಳಿದದ್ದೆಲ್ಲ ಅದೇ. ಶೆಟ್ಟೆಪ್ಪನಿಗೆ ಹೇಗೂ ಬಾಯಿಪಾಠವಿದೆ, ನಾಳೆಯಿಂದ ಬಂದು ಹೇಳಿಕೊಡುತ್ತೇನೆ ಎಂದ. ಬೇಡ ಎನ್ನುವುದು ಅವನಿಗೆ ಅವಮಾನ ಮಾಡಿದಂತೆ, ಆಗಲಿ ಎಂದೆ.

ಫೆಬ್ರುವರಿ 4, ಮಂಗಳವಾರ

ಮೂರು ದಿನದಿಂದ ಪಾಠ. “ರಾಯರ, ನೀವು ಅರ್ಜಿ ಓದಿದಂಗ ಓದತೀರಿ,” ಎನ್ನುತ್ತಾನೆ. “ಹೆಸರು ಕೇಳಲಿಲ್ಲ ಅನ್ನೂಕಿಂತ ಮೊದಲ ಒಂದ್ ಉಸಿರು ಬಿಡ್ರಿ. ಅಷ್ಟ. ಅಳಬ್ಯಾಡ್ರಿ. ಅತ್ರ ಅದು ಸುಳ್ಳ ಆಗತೈತಿ.”

ಇಷ್ಟೆಲ್ಲ ಅವನಿಗೆ ಎಲ್ಲಿಂದ ಗೊತ್ತು ಎಂದು ಕೇಳಿದೆ. ಇಪ್ಪತ್ತೆರಡು ವರ್ಷ ಹಿಂದೆ ನಿಂತು ಮುಂದಿನವರನ್ನು ನೋಡಿದ್ದೇನೆ ಎಂದ.

ರಾತ್ರಿಯ ಊಟ ಇಲ್ಲೇ ಮಾಡಿ ಹೋದ. ಶಿವಕುಮಾರಿ ಅವನ ತಟ್ಟೆಗೆ ನನ್ನ ತಟ್ಟೆಗಿಂತ ಹೆಚ್ಚು ತುಪ್ಪ ಹಾಕಿದ್ದನ್ನು ಗಮನಿಸಿದೆ.

ಫೆಬ್ರುವರಿ 6, ಗುರುವಾರ

ನನ್ನ ದಿನ. ಹದಿನಾಲ್ಕು ಸಲ ತೆಗೆದರು, ಹದಿನಾಲ್ಕು ಸಲವೂ ಸರಿಯಾಗಲಿಲ್ಲ. ಸುತ್ತ ನಲವತ್ತು ಜನ, ದೀಪದ ಕಾವು, ಕೈಯಲ್ಲಿ ಗಂಟು. ‘ಬೀಸ್ ಸಾಲ್’ ಎನ್ನುವಷ್ಟರಲ್ಲಿ ಬಾಯಿ ಒಣಗುತ್ತದೆ. ಶೆಟ್ಟೆಪ್ಪ ಹಿಂದೆ ಗೇಟಿನ ಪಕ್ಕ ನಿಂತಿದ್ದ. ಇವತ್ತು ಅವನಿಗೆ ಮಾತಿಲ್ಲ, ಪೊಲೀಸ್ ಜೀಪು ಬಂದಾಗ ಗೇಟು ತೆಗೆಯುವುದಷ್ಟೇ. ನನಗೆ ಮಾತ್ರ ಕಾಣುವಂತೆ ತುಟಿ ಆಡಿಸಿ ಸಾಲು ಎತ್ತಿಕೊಡುತ್ತಿದ್ದ.

ಊಟಕ್ಕೆ ಬಿಟ್ಟರು. ಇಬ್ಬರೂ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆವು. ಅವನು ಚಟ್ನಿಯ ಕಾಗದ ಬಿಡಿಸಿ, ಚಟ್ನಿಯನ್ನು ರೊಟ್ಟಿಯ ಮೇಲೆ ಸುರಿದುಕೊಂಡು, ಕಾಗದವನ್ನು ಓದತೊಡಗಿದ. ನಾಲ್ಕನೇ ಇಯತ್ತೆ ಕಲಿತವನು, ಬೆರಳಿಟ್ಟು ಓದುತ್ತಾನೆ. ಕನ್ನಡ ಅಕ್ಷರ ಕಂಡರೆ ಬಿಡುವವನಲ್ಲ, ಮಾಟುಂಗದಲ್ಲಿ ಅಂಗಡಿಯ ಬೋರ್ಡನ್ನೂ ಹಾಗೆಯೇ ಓದುತ್ತಾನೆ. ಬಹಳ ಹೊತ್ತು ಓದಿದ. ರೊಟ್ಟಿ ಹಾಗೇ ಇತ್ತು. ಲಿಫ್ಟಿನ ದೂರಿರಬೇಕು, ಅದು ಉದ್ದವಿದೆ. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ.

“ಯಾಕ, ಉಣ್ಣಲಿಲ್ಲ?” ಎಂದೆ.

“ಹಸಿವಿಲ್ಲರಿ,” ಎಂದ.

ನಾನು ಹಸಿದಿದ್ದೆ, ಅವನ ರೊಟ್ಟಿಯನ್ನೂ ಉಂಡೆ.

ಊಟದ ನಂತರ ಮತ್ತೆ ನಿಲ್ಲಿಸಿದರು. ಗೇಟಿನ ಕಡೆ ನೋಡಿದೆ. ಶೆಟ್ಟೆಪ್ಪ ನನ್ನನ್ನೇ ನೋಡುತ್ತಿದ್ದ. ಮೊದಲಿನಂತೆಯೇ ತುಟಿ ಆಡಿಸಿದ. ‘ನಾಮ್’ ಎನ್ನುವ ಮುಂಚೆ ಒಂದು ಉಸಿರು ಬಿಟ್ಟ. ನಾನೂ ಬಿಟ್ಟೆ. ಹದಿನೈದನೆಯ ಸಲ ಸರಿಯಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಬೇರೆ ಸೀಟಿನಲ್ಲಿ ಕೂತ. ಗಾಳಿ ಬೇಕೆನಿಸಿರಬೇಕು.

ಫೆಬ್ರುವರಿ 12, ಬುಧವಾರ

ಕೊನೆಯ ಕಂತು. ಬಿಲ್ಡಿಂಗಿನ ಹನ್ನೆರಡು ಜನ ನಮ್ಮ ಮನೆಯಲ್ಲಿ ಕೂತು ನೋಡಿದರು. ಸೆಕ್ರೆಟರಿ ಕೂಡ ಬಂದಿದ್ದರು, ಸ್ವಲ್ಪ ದೂರ ಕೂತರು.

ಅಭಿಪ್ರಾಯಗಳನ್ನು ಓದಿದೆ. ಕೆಲವನ್ನು ಇಲ್ಲಿ ಬರೆದಿಡುತ್ತೇನೆ: ‘ಪೋಟ್ಲೀವಾಲಾನೇ ಎಂದು ಮಗುವಿಗೂ ಗೊತ್ತಿತ್ತು.’ ‘ಅರ್ಜಿ ಓದಿದಂತೆ ಓದಿದರು.’ ಅತಿ ಹೆಚ್ಚು ಮೆಚ್ಚುಗೆ ಸಿಕ್ಕಿದ್ದು ಇದಕ್ಕೆ: ‘ಅಂಕಲ್ ಹಿಂದೆ ಗೇಟಿನ ಹತ್ತಿರ ನಿಂತ ವಾಚ್‌ಮನ್ ಮುಖ ನೋಡಿ. ಒಂದು ಮಾತಿಲ್ಲದೆ ಎಲ್ಲ ಹೇಳಿಬಿಟ್ಟ. ಇವನನ್ನು ಯಾಕೆ ಕೊಲೆಗಾರ ಮಾಡಲಿಲ್ಲ?’ ಅದರ ಕೆಳಗೆ ಒಬ್ಬರು, ‘ಆ ಸಯನ್ ಆಂಟಿಯನ್ನು ಕೇಳಿ’ ಎಂದು ಬರೆದಿದ್ದಾರೆ.

ಮಾಡಲು ಕೆಲಸವಿಲ್ಲದ ಜನ.

ಶೆಟ್ಟೆಪ್ಪ ಬರಲಿಲ್ಲ. ಆರು ದಿನವಾಯಿತು. ಶಿವಕುಮಾರಿ ಅವನ ಪಾಲಿನ ಕರಿಗಡಬು ತೆಗೆದಿಟ್ಟಿದ್ದಳು.

ಫೆಬ್ರುವರಿ 16, ಭಾನುವಾರ

ಮಧ್ಯಾಹ್ನ ನಾನು ಪೆನ್ಷನ್ನಿನ ಕಾಗದದ ಝೆರಾಕ್ಸ್ ಮಾಡಿಸಲು ಹೋಗಿದ್ದಾಗ ಶೆಟ್ಟೆಪ್ಪ ಬಂದು ಹೋಗಿದ್ದಾನೆ. ಕೂತಿದ್ದನಂತೆ, ಚಹಾ ಕುಡಿದನಂತೆ, ಅವತ್ತಿನ ಬುತ್ತಿಯ ಬಟ್ಟೆಯನ್ನು ಒಗೆದು ತಂದು ಕೊಟ್ಟನಂತೆ. ನಮ್ಮ ಕಡೆ ಬುತ್ತಿಯ ಬಟ್ಟೆಯನ್ನು ಖಾಲಿ ಮರಳಿಸುವುದಿಲ್ಲ. ಒಂದು ಹಿಡಿ ಶೇಂಗಾ, ಒಂದು ಅಚ್ಚು ಬೆಲ್ಲ ಕಟ್ಟಿದ್ದ. ಅದರ ಜೊತೆ ನಾಲ್ಕು ಮಡಿಕೆಯ ಒಂದು ಹಾಳೆ.

“‘ರಾಯರ ಕಾಗದ ಐತಿ, ಕೆಲಸದ್ದಿರಬೇಕು, ಕೊಡ್ರಿ’ ಅಂದ್ರು,” ಎಂದು ಶಿವಕುಮಾರಿ ಅದನ್ನು ನನ್ನ ಕೈಗಿಟ್ಟಳು.

ಎಣ್ಣೆ ಹೀರಿ ಹಳದಿಯಾಗಿತ್ತು. ಲಿಫ್ಟಿನದಲ್ಲ. ನನ್ನ ಅಕ್ಷರ, ಒಂದರಿಂದ ಐದು. ಶಿವಕುಮಾರಿ, ಸಯನ್. ಅಂಬವ್ವ, ದಾದರ್. ಎಲ್ಲ ಹಾಗೇ ಇದ್ದವು. ಐದರ ಕೆಳಗೆ ಪೆನ್ಸಿಲಿನಲ್ಲಿ, ದಪ್ಪ ದಪ್ಪ ಅಕ್ಷರದಲ್ಲಿ, ನಾನು ಹಾಕಿದಂತೆಯೇ ನಂಬರು ಹಾಕಿ ಬರೆದಿದ್ದ:

‘6. ಗಂಟಿನ ಮನುಷ್ಯನ ಮ್ಯಾಲೆ ನನಗ ಸಂಶೆ ಬರಲಿಲ್ಲ. ಅವರ ಮನಿ ಅನ್ನ ಉಂಡೀನಿ. ಶೆಟ್ಟೆಪ್ಪ, ವಡಾಲ.’

ಶಿವಕುಮಾರಿ ಇದನ್ನು ಓದಿದ್ದಾಳೋ ಇಲ್ಲವೋ ಕೇಳಲಿಲ್ಲ. ಅವಳು ಸಂಜೆಯೆಲ್ಲ ಶೇಂಗಾ ಸುಲಿದಳು.

ನಾಚಿಕೆಯಾಯಿತು. ಬರೆಯುತ್ತೇನೆ, ಇಲ್ಲಿ ಬೇರೆ ಯಾರೂ ಓದುವುದಿಲ್ಲ. ಬಹಳ ನಾಚಿಕೆಯಾಯಿತು.

ಫೆಬ್ರುವರಿ 17, ಸೋಮವಾರ

ವಡಾಲಕ್ಕೆ ಹೋಗಬೇಕು. ಅಲ್ಲಿ ಏನು ಹೇಳುವುದೆಂದು ಬೆಳಿಗ್ಗೆ ಎದ್ದು ರಫ್ ಮಾಡಲು ಕೂತೆ. ‘ಶೆಟ್ಟೆಪ್ಪ’ ಎಂದು ಬರೆದೆ, ಹೊಡೆದು ಹಾಕಿದೆ. ‘ಶೆಟ್ಟೆಪ್ಪ, ಆ ಕಾಗದ’ ಎಂದು ಬರೆದೆ, ಅದನ್ನೂ ಹೊಡೆದು ಹಾಕಿದೆ. ಒಂದು ಗಂಟೆಯಲ್ಲಿ ಐದು ಜನರ ಮನಸ್ಸಿನಲ್ಲಿರುವುದನ್ನು ಬರೆದವನು ಎರಡು ಗಂಟೆಯಲ್ಲಿ ಒಂದು ಸಾಲು ಬರೆಯಲಿಲ್ಲ.

ಶಿವಕುಮಾರಿ ಬಂದು ಮೇಜಿನ ಮೇಲೆ ಗಂಟು ಇಟ್ಟಳು. ಚಟ್ನಿಯನ್ನು ಈ ಸಲ ಸ್ಟೀಲಿನ ಡಬ್ಬಿಗೆ ಹಾಕಿದ್ದಾಳೆ, ಬಟ್ಟೆಯ ಮೇಲಿನಿಂದಲೇ ಕೈಗೆ ತಾಗಿತು.

“ಬರಿಯೂದು ಸಾಕು, ಹೋಗ್ರಿ. ಅವ್ರು ಹತ್ತಕ್ಕ ಹೊರಗ ಬೀಳತಾರ.”

“ಒಂದ ಗಂಟು ಐತಲ್ಲ?”

“ಅವ್ರದು.”

“ನನಗ?”

“ಅವ್ರು ಕೊಟ್ರ ಉಣ್ರಿ,” ಎಂದು ಅವಳು ಒಳಗೆ ಹೋದಳು.